ಗಲಾಪಗೋಸ್‌ಗೆ ಯಾವ ತಿಂಗಳು? ಮುಗಿಲಿಗಿಂತ ಮೊದಲು ಕಡಲನ್ನು ಕೇಳಿ

ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1000 ಕಿಲೋಮೀಟರ್ ದೂರದಲ್ಲಿ, ಭೂಮಧ್ಯರೇಖೆ ಹಾದುಹೋಗುವ ಜಾಗದಲ್ಲಿಯೇ, ಗಲಾಪಗೋಸ್ ದ್ವೀಪಸಮೂಹವಿದೆ. 1959ರಲ್ಲಿ ಎಕ್ವಡಾರ್ ಸರ್ಕಾರ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ದ್ವೀಪಗಳ ನೆಲದಲ್ಲಿ ಶೇಕಡಾ 97ರಷ್ಟು ಇಂದು ಉದ್ಯಾನಕ್ಕೆ ಸೇರಿದೆ. ಊರುಗಳು, ಹೊಲ ತೋಟಗಳು ಎಲ್ಲವೂ ಉಳಿದ ಅಲ್ಪ ಭಾಗದಲ್ಲಿವೆ. ಅಲ್ಲಿಗೆ ಹೋಗಲು ಮನಸ್ಸು ಮಾಡಿದವರ ಮೊದಲ ಪ್ರಶ್ನೆ ಯಾವ ತಿಂಗಳು ಹೋಗಬೇಕು ಎಂಬುದೇ ಆಗಿರುತ್ತದೆ. ಉಷ್ಣವಲಯದ ದ್ವೀಪವೆಂದ ಕೂಡಲೇ ಮಳೆಗಾಲವನ್ನು ತಪ್ಪಿಸಿ ಒಣಹವೆಯ ತಿಂಗಳನ್ನು ಹುಡುಕುವುದು ರೂಢಿ. ಕೆರಿಬಿಯನ್ ಸಮುದ್ರದ ದ್ವೀಪಗಳಿಗೆ ಹೋಗುವವರು ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತದ ಕಾಲವನ್ನು ಬಿಟ್ಟು ಉಳಿದ ತಿಂಗಳುಗಳಲ್ಲಿ ಒಂದನ್ನು ಆರಿಸಿಕೊಂಡರೆ ಬಹುಪಾಲು ಕೆಲಸ ಮುಗಿಯಿತು. ಗಲಾಪಗೋಸ್‌ಗೆ ಈ ಲೆಕ್ಕ ಒಗ್ಗುವುದಿಲ್ಲ. ಭೂಮಿಯ ತಿರುಗುವಿಕೆಯಿಂದ ಗಾಳಿಗೆ ಸಿಗುವ ಸುಳಿ ಭೂಮಧ್ಯರೇಖೆಯ ಬಳಿ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಚಂಡಮಾರುತಗಳ ಭಯ ಇಲ್ಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಮಳೆಗಾಲವೇ ವರ್ಷದ ಅತ್ಯಂತ ಬಿಸಿಲಿನ ಕಾಲ, ಒಣಗಾಲವೇ ದಿನವಿಡೀ ಮೋಡ ಕವಿದಿರುವ ಕಾಲ. ಹೀಗೇಕೆ ಎಂಬುದು ತಿಳಿದರೆ ಉಳಿದ ಆಯ್ಕೆಗಳೆಲ್ಲ ಸುಲಭವಾಗುತ್ತವೆ.

ಇದಕ್ಕೆ ಕಾರಣವಿರುವುದು ಸಮುದ್ರದಲ್ಲಿ. ಜೂನ್‌ನಿಂದ ನವೆಂಬರ್‌ವರೆಗೆ ಆಗ್ನೇಯ ದಿಕ್ಕಿನ ವಾಣಿಜ್ಯ ಮಾರುತಗಳು ಬಲವಾಗಿ ಬೀಸುತ್ತವೆ. ಚಿಲಿ ಮತ್ತು ಪೆರು ದೇಶಗಳ ಕರಾವಳಿಯನ್ನು ಸವರಿಕೊಂಡು ಬರುವ ಹಂಬೋಲ್ಟ್ ಪ್ರವಾಹದ ತಣ್ಣೀರನ್ನು ಈ ಗಾಳಿ ದ್ವೀಪಗಳತ್ತ ತಳ್ಳುತ್ತದೆ. ತಣ್ಣನೆಯ ನೀರು ತನ್ನ ಮೇಲಿರುವ ಗಾಳಿಯನ್ನೂ ತಂಪಾಗಿಸುತ್ತದೆ, ಆದರೆ ಅದಕ್ಕಿಂತ ಮೇಲಿನ ಪದರದ ಗಾಳಿ ಬೆಚ್ಚಗೇ ಉಳಿದಿರುತ್ತದೆ. ಮಳೆಯಾಗಬೇಕಾದರೆ ತೇವದ ಗಾಳಿ ಎತ್ತರಕ್ಕೆ ಏರಬೇಕು. ಇಲ್ಲಿ ಕೆಳಗಿನ ತಂಪು ಗಾಳಿ ಭಾರವಾಗಿ, ಮೇಲಿನ ಬೆಚ್ಚನೆಯ ಪದರದ ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ತೇವವೆಲ್ಲ ತಗ್ಗಿನ ಮೋಡವಾಗಿ ಹಾಸಿಕೊಳ್ಳುತ್ತದೆ. ಆ ಮೋಡ ಕರಾವಳಿಯ ಮೇಲೆ ಬರಿದೇ ತೇಲಿ ಹೋಗುತ್ತದೆ. ಕೆಲವು ನೂರು ಮೀಟರ್ ಎತ್ತರದ ಗುಡ್ಡಗಳಿಗೆ, ಅದರಲ್ಲೂ ಗಾಳಿಗೆ ಮುಖಮಾಡಿರುವ ಇಳಿಜಾರುಗಳಿಗೆ ತಾಗಿದಾಗ ಮಾತ್ರ ಮಂಜಾಗಿ, ಹಿಡಿದು ಬಿಡದ ಸೋನೆಯಾಗಿ ಇಳಿಯುತ್ತದೆ. ಅಲ್ಲಿನವರು ಇದನ್ನು ಗರೂವಾ ಎನ್ನುತ್ತಾರೆ. ಹೀಗಾಗಿ ಆಗಸ್ಟ್ ತಿಂಗಳಲ್ಲಿ ಸಾಂತಾ ಕ್ರೂಸ್ ದ್ವೀಪದ ಮೇಲ್ಭಾಗದ ಕಾಡು ತೊಟ್ಟಿಕ್ಕುತ್ತಿರುವಾಗ, ಅದೇ ದ್ವೀಪದ ಕರಾವಳಿಯ ಪಾಲೋ ಸಾಂತೋ ಮರಗಳು ಎಲೆ ಉದುರಿಸಿ ಬೂದು ಬಣ್ಣಕ್ಕೆ ತಿರುಗಿ ನಿಂತಿರುತ್ತವೆ. ಚಾರ್ಲ್ಸ್ ಡಾರ್ವಿನ್ 1835ರ ಸೆಪ್ಟೆಂಬರ್ ಮಧ್ಯದಲ್ಲಿ ಬಂದು ಅಕ್ಟೋಬರ್‌ನಲ್ಲಿ ಹೊರಟದ್ದು ಇದೇ ಕಾಲದಲ್ಲಿ. ಅವರಿಗೆ ಮೊದಲು ಕಂಡ ತಗ್ಗುಪ್ರದೇಶ ಕಪ್ಪು ಲಾವಾ ಬಂಡೆಗಳ ನಡುವೆ ಒಣಗಿದಂತಿದ್ದ ಕುರುಚಲು. ಮೇಲೇರಿದಾಗ ಸಿಕ್ಕಿದ್ದು ಹಸಿರು.

ಡಿಸೆಂಬರ್ ಕೊನೆಯ ಹೊತ್ತಿಗೆ ಚಿತ್ರ ಬದಲಾಗುತ್ತದೆ. ಎರಡೂ ಗೋಳಾರ್ಧಗಳ ವಾಣಿಜ್ಯ ಮಾರುತಗಳು ಸಂಧಿಸುವ ಮಳೆಪಟ್ಟಿ ದಕ್ಷಿಣಕ್ಕೆ ಸರಿದು ದ್ವೀಪಗಳನ್ನು ಸಮೀಪಿಸುತ್ತದೆ, ಗಾಳಿ ಇಳಿಯುತ್ತದೆ, ಪನಾಮಾ ಕಡೆಯ ಬೆಚ್ಚನೆಯ ನೀರು ಆವರಿಸಿಕೊಳ್ಳುತ್ತದೆ. ತಂಪಿನ ಮುಚ್ಚಳ ತೆಗೆದಂತಾಗಿ ತೇವದ ಗಾಳಿ ಎತ್ತರಕ್ಕೇರುತ್ತದೆ; ಬೆಳಗ್ಗೆ ಚುರುಕು ಬಿಸಿಲು, ಮಧ್ಯಾಹ್ನ ಒಂದು ಜೋರು ಮಳೆ, ಮತ್ತೆ ಬಿಸಿಲು ಎಂಬ ಕ್ರಮ ಮೇ ತಿಂಗಳವರೆಗೂ ನಡೆಯುತ್ತದೆ. ಹಗಲಿನ ಉಷ್ಣಾಂಶ ಕರಾವಳಿಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಗರೂವಾ ತಿಂಗಳುಗಳಲ್ಲಿ ಅದು 25ರ ಆಸುಪಾಸಿನಲ್ಲೇ ಇರುತ್ತದೆ. ನೀರಿನ ವ್ಯತ್ಯಾಸವಂತೂ ಇನ್ನೂ ಮುಖ್ಯ: ದ್ವೀಪಸಮೂಹದ ಮಧ್ಯಭಾಗದಲ್ಲಿ ಮಾರ್ಚ್ ವೇಳೆಗೆ 25 ಡಿಗ್ರಿಯಷ್ಟಿರುವ ಸಮುದ್ರ ಸೆಪ್ಟೆಂಬರ್ ಹೊತ್ತಿಗೆ 21–22ಕ್ಕೆ ಇಳಿಯುತ್ತದೆ.

ಪಶ್ಚಿಮದ ಅಂಚಿನ ಇಸಬೆಲಾ ಮತ್ತು ಫರ್ನಾಂಡಿನಾ ದ್ವೀಪಗಳ ಕಥೆ ಬೇರೆ. ಪೆಸಿಫಿಕ್ ಸಾಗರದ ಮೇಲ್ಮೈ ನೀರು ಪಶ್ಚಿಮಕ್ಕೆ ಹರಿಯುತ್ತಿದ್ದರೆ, ಅದರ ಅಡಿಯಲ್ಲಿ ಭೂಮಧ್ಯರೇಖೆಯ ಉದ್ದಕ್ಕೂ ಇನ್ನೊಂದು ಪ್ರವಾಹ ಪೂರ್ವಕ್ಕೆ ಹರಿಯುತ್ತದೆ. 1952ರಲ್ಲಿ ಇದನ್ನು ಗುರುತಿಸಿದ ಸಾಗರ ವಿಜ್ಞಾನಿ ಟೌನ್ಸೆಂಡ್ ಕ್ರಾಮ್‌ವೆಲ್ ಅವರ ಹೆಸರೇ ಅದಕ್ಕಿದೆ. ಸಾವಿರಾರು ಕಿಲೋಮೀಟರ್ ಅಡ್ಡಿಯಿಲ್ಲದೆ ಬಂದ ಈ ತಣ್ಣೀರು ಫರ್ನಾಂಡಿನಾ, ಇಸಬೆಲಾಗಳ ಬುಡಕ್ಕೆ ಬಡಿದು ಮೇಲಕ್ಕೆ ಉಕ್ಕುತ್ತದೆ. ಆಳದಲ್ಲಿ ಶೇಖರವಾಗಿದ್ದ ಪೋಷಕಾಂಶಗಳು ಅದರ ಜೊತೆಗೇ ಬೆಳಕಿಗೆ ಬರುತ್ತವೆ. ತಂಪು ಕಾಲದಲ್ಲಿ ಇಲ್ಲಿನ ನೀರು 18 ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಭೂಮಧ್ಯರೇಖೆಯ ಮೇಲೆ ಪೆಂಗ್ವಿನ್ ಬದುಕಿರುವುದು ಈ ನೀರಿನ ದೆಸೆಯಿಂದಲೇ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಗಲಾಪಗೋಸ್‌ನಲ್ಲಿ ಕಡಲಿಗೆ ಸುಗ್ಗಿಯಾದಾಗ ನೆಲಕ್ಕೆ ಬರ, ನೆಲಕ್ಕೆ ಸುಗ್ಗಿಯಾದಾಗ ಕಡಲಿಗೆ ಬರ. ತಣ್ಣೀರು ಪೋಷಕಾಂಶಗಳನ್ನು ತರುತ್ತದೆ, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲಾಂಕ್ಟನ್ ಹೆಚ್ಚುತ್ತದೆ, ಮೀನು ಹೆಚ್ಚುತ್ತದೆ, ಕಡಲನ್ನು ನಂಬಿದ ಹಕ್ಕಿ ಮತ್ತು ಪ್ರಾಣಿಗಳು ಹೊಟ್ಟೆ ತುಂಬಿ ಮರಿ ಮಾಡುತ್ತವೆ. ಆದರೆ ಅದೇ ತಣ್ಣೀರು ಕರಾವಳಿಯ ಮಳೆಯನ್ನು ತಡೆಹಿಡಿಯುವುದರಿಂದ ನೆಲದ ಗಿಡಮರಗಳು ಒಣಗುತ್ತವೆ. ಬೆಚ್ಚನೆಯ ನೀರು ಬಂದಾಗ ಇದೆಲ್ಲ ತಿರುವುಮುರುವಾಗುತ್ತದೆ. ಆದ್ದರಿಂದ ಯಾವ ಕಾಲ ಒಳ್ಳೆಯದು ಎಂದು ಕೇಳುವವರು ತಾವು ನೋಡಬೇಕೆಂದಿರುವ ಜೀವಿ ಈ ಎರಡು ಪಂಗಡಗಳಲ್ಲಿ ಯಾವುದಕ್ಕೆ ಸೇರಿದ್ದು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ತಿಂಗಳವಾರು ಮಳೆಯ ಪಟ್ಟಿ, ಬಿಸಿಲಿನ ಪಟ್ಟಿಗಳನ್ನಷ್ಟೇ ನೋಡಿ ಟಿಕೆಟ್ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಈ ಉದ್ಯಾನಕ್ಕೆ ಮಾಡುವ ಅನ್ಯಾಯ.

ಇಲ್ಲಿನ ಕಡಲ ಇಗ್ವಾನಾವನ್ನೇ ತೆಗೆದುಕೊಳ್ಳೋಣ. ಲೋಕದಲ್ಲಿ ಸಮುದ್ರಕ್ಕಿಳಿದು ಮೇಯುವ ಹಲ್ಲಿ ಜಾತಿ ಇದೊಂದೇ. ಫರ್ನಾಂಡಿನಾದ ಪುಂತಾ ಎಸ್ಪಿನೋಸಾದಲ್ಲಿ ದೋಣಿಯಿಂದ ಇಳಿದ ಕೂಡಲೇ ಕಪ್ಪು ಲಾವಾ ಬಂಡೆಯೇ ಅಲುಗಿದಂತೆ ಕಾಣುತ್ತದೆ. ಬಂಡೆಯ ಬಣ್ಣದವೇ ಆದ ನೂರಾರು ಇಗ್ವಾನಾಗಳು ಒಂದರ ಮೇಲೊಂದು ಕಾಲು ಚಾಚಿ, ಒಂದೇ ದಿಕ್ಕಿಗೆ ಮುಖಮಾಡಿ ಬಿಸಿಲು ಕಾಯುತ್ತಿರುತ್ತವೆ. ಆಗಾಗ ಒಂದು ಚುರ್ರೆಂದು ಮೂಗಿನಿಂದ ಉಪ್ಪುನೀರನ್ನು ಸೀನುತ್ತದೆ, ಅದು ಪಕ್ಕದ್ದರ ತಲೆಯ ಮೇಲೆ ಬಿದ್ದು ಒಣಗಿ ಬಿಳಿಯ ಪೊರೆಯಾಗುತ್ತದೆ. ದೊಡ್ಡ ಗಂಡುಗಳು ಮುಳುಗಿ ಬಂಡೆಗೆ ಅಂಟಿದ ಪಾಚಿಯನ್ನು ಕೆರೆದು ತಿನ್ನುತ್ತವೆ. ಚಿಕ್ಕವು ಅಲೆ ಇಳಿದಾಗ ತೆರೆದುಕೊಳ್ಳುವ ದಡದಲ್ಲೇ ಮೇಯುತ್ತವೆ. ನೀರಿನಲ್ಲಿ ಅವುಗಳ ಮೈಯ ಉಷ್ಣಾಂಶ 10 ಡಿಗ್ರಿಯಷ್ಟು ಇಳಿಯಬಲ್ಲದು, ಆದ್ದರಿಂದ ಮೇಲೆ ಬಂದ ಮೇಲೆ ಗಂಟೆಗಟ್ಟಲೆ ಬಂಡೆಗೆ ಒತ್ತಿಕೊಂಡು ಮಲಗಲೇಬೇಕು. ತಣ್ಣೀರಿನಲ್ಲಿ ಪಾಚಿ ಸಮೃದ್ಧ, ಮೈ ಕಾಯಿಸಲು ಬಿಸಿಲು ವಿರಳ. ಬೆಚ್ಚನೆಯ ಕಾಲದಲ್ಲಿ ಬಿಸಿಲು ಧಾರಾಳ, ಪಾಚಿ ಕಡಿಮೆ. ಈ ಎರಡು ಕೊರತೆಗಳ ನಡುವೆ ಅದರ ವರ್ಷ ಸಾಗುತ್ತದೆ. ಎಸ್ಪನ್ಯೋಲಾ ದ್ವೀಪದ ಗಂಡು ಇಗ್ವಾನಾಗಳಿಗೆ ಕೆಂಪು, ಹಸಿರು ಬಣ್ಣ ಕಡುವಾಗಿ ಏರುವುದು ಡಿಸೆಂಬರ್ ಆಸುಪಾಸಿನಲ್ಲಿ. ಜನವರಿಯಿಂದ ಏಪ್ರಿಲ್‌ವರೆಗೆ ಹೆಣ್ಣುಗಳು ಮರಳು ತೋಡಿ ಮೊಟ್ಟೆಯಿಡುತ್ತವೆ.

ನೆಲದ ಪಂಗಡದ ಒಳ್ಳೆಯ ಉದಾಹರಣೆ ಫಿಂಚ್ ಹಕ್ಕಿಗಳು. ಮೊದಲ ಒಳ್ಳೆಯ ಮಳೆ ಬಿದ್ದು ಗಿಡ ಚಿಗುರಿ ಹುಳುಗಳು ಕಾಣಿಸಿಕೊಂಡ ಮೇಲೆಯೇ ಅವು ಗೂಡು ಕಟ್ಟುವುದು. ಪೀಟರ್ ಮತ್ತು ರೋಸ್‌ಮರಿ ಗ್ರ್ಯಾಂಟ್ ದಂಪತಿ 1973ರಿಂದ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ದಶಕಗಳ ಕಾಲ ನಡೆಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ದಾಖಲಾಗಿದೆ: 1977ರಲ್ಲಿ ಮಳೆ ಕೈಕೊಟ್ಟಾಗ ಫಿಂಚ್‌ಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು, 1983ರಲ್ಲಿ ಅತಿವೃಷ್ಟಿಯಾದಾಗ ತಿಂಗಳುಗಟ್ಟಲೆ ಬಿಡದೆ ಮರಿ ಮಾಡಿದವು. ಹಾಗಾಗಿ ಹಸಿರು ಬೆಟ್ಟ, ಹೂ ಬಿಟ್ಟ ಗಿಡ, ಗೂಡು ಕಟ್ಟುವ ಸಣ್ಣ ಹಕ್ಕಿಗಳು ಬೇಕೆನ್ನುವವರಿಗೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕಾಲವೇ ಸೂಕ್ತ. ಹಸಿರು ಕಡಲಾಮೆಗಳು ಮರಳದಂಡೆಗೆ ಬಂದು ಮೊಟ್ಟೆಯಿಡುವುದೂ ಹೆಚ್ಚಾಗಿ ಈ ತಿಂಗಳುಗಳಲ್ಲೇ. ಈಜಲು, ಉಸಿರಾಟದ ಕೊಳವೆಯಾದ ಸ್ನಾರ್ಕೆಲ್ ಹಾಕಿಕೊಂಡು ನೀರಿನಲ್ಲಿ ಹೊತ್ತು ಕಳೆಯಲು ಮಕ್ಕಳೊಂದಿಗೆ ಹೋಗುವವರಿಗೂ ಇದೇ ಹಿತ. ನೀರು ಬೆಚ್ಚಗೆ, ಅಲೆ ಕಡಿಮೆ. ಬದಲಿಗೆ ಸೆಖೆಯನ್ನೂ ಸೊಳ್ಳೆಯನ್ನೂ ಸಹಿಸಿಕೊಳ್ಳಬೇಕು.

ದೈತ್ಯ ಆಮೆಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅವು ವರ್ಷವಿಡೀ ಕಾಣಸಿಗುತ್ತವೆ ಎಂಬುದು ನಿಜ, ಆದರೆ ಒಂದೇ ಜಾಗದಲ್ಲಿ ಅಲ್ಲ. ಸಾಂತಾ ಕ್ರೂಸ್‌ನಲ್ಲಿ ಉಪಗ್ರಹ ಸಾಧನಗಳನ್ನು ಅಂಟಿಸಿ ನಡೆಸಿದ ಅಧ್ಯಯನಗಳ ಪ್ರಕಾರ, ಮಳೆ ಬಂದು ತಗ್ಗಿನಲ್ಲಿ ಎಳೆ ಹುಲ್ಲು ಚಿಗುರಿದಾಗ ದೊಡ್ಡ ಆಮೆಗಳು ಕೆಳಗಿಳಿಯುತ್ತವೆ. ತಗ್ಗು ಒಣಗತೊಡಗಿದಾಗ ಗರೂವಾದಿಂದ ಹಸಿರಾಗಿರುವ ಎತ್ತರಕ್ಕೆ ಮರಳುತ್ತವೆ. ಪ್ರವಾಸಿಗರನ್ನು ಕರೆದೊಯ್ಯುವುದು ಬಹುತೇಕ ಎತ್ತರದ ಪ್ರದೇಶಕ್ಕೇ ಆದ್ದರಿಂದ ಮಂಜು ಮುಸುಕಿದ ತಂಪು ಕಾಲದಲ್ಲಿ ದೊಡ್ಡ ಆಮೆಗಳು ಹೆಚ್ಚಾಗಿ ಎದುರಾಗುತ್ತವೆ.

ಕೆಲವು ಜೀವಿಗಳಿಗೆ ಹೀಗೆ ಹೊಂದಾಣಿಕೆಯ ಅವಕಾಶವೇ ಇಲ್ಲ. ಅವುಗಳ ಪಂಚಾಂಗ ಕಟ್ಟುನಿಟ್ಟು. ಗಲಾಪಗೋಸ್‌ನ ಆಲ್ಬಟ್ರಾಸ್ ಅಂಥದ್ದು. ಈ ಹಕ್ಕಿಯ ಬಹುತೇಕ ಇಡೀ ಸಂತತಿ ಮರಿ ಮಾಡುವುದು ಎಸ್ಪನ್ಯೋಲಾ ಎಂಬ ಒಂದೇ ದ್ವೀಪದಲ್ಲಿ. ಮಾರ್ಚ್ ಕೊನೆಯಲ್ಲಿ ಗಂಡುಗಳು ಬಂದಿಳಿಯುತ್ತವೆ, ಹಿಂದೆಯೇ ಹೆಣ್ಣುಗಳು. ಏಪ್ರಿಲ್ ಮಧ್ಯದಿಂದ ಮೊಟ್ಟೆ, ಸುಮಾರು ಎರಡು ತಿಂಗಳ ಕಾವು, ವರ್ಷದ ಕೊನೆಯವರೆಗೂ ಮರಿಯ ಪೋಷಣೆ. ರೆಕ್ಕೆ ಬಲಿತ ಮರಿಗಳು ಜನವರಿಯ ಹೊತ್ತಿಗೆ ಕಡಲಿಗೆ ಹಾರಿಹೋದ ಮೇಲೆ ದ್ವೀಪದಲ್ಲಿ ಆಲ್ಬಟ್ರಾಸ್ ಕಾಣಿಸುವುದಿಲ್ಲ. ಫೆಬ್ರವರಿಯಲ್ಲಿ ಹೋದವರು ಎಷ್ಟೇ ಹಣ ಕೊಟ್ಟರೂ, ಎಂಥ ಮಾರ್ಗದರ್ಶಿ ಸಿಕ್ಕರೂ ಇದನ್ನು ನೋಡಲಾರರು. ಅದರ ಪ್ರಣಯವನ್ನು ನೋಡಬೇಕಾದರೆ ಏಪ್ರಿಲ್ ಒಳ್ಳೆಯದು: ಜೋಡಿ ಎದುರುಬದುರು ನಿಂತು ಉದ್ದನೆಯ ಹಳದಿ ಕೊಕ್ಕುಗಳನ್ನು ಕತ್ತಿವರಸೆಯಂತೆ ಒಂದಕ್ಕೊಂದು ತಟಪಟನೆ ತಾಗಿಸುತ್ತದೆ, ಕೊಕ್ಕನ್ನು ಆಕಾಶಕ್ಕೆತ್ತಿ ಕೂಗುತ್ತದೆ, ತಲೆ ತೂಗುತ್ತ ಓಲಾಡಿಕೊಂಡು ಹೆಜ್ಜೆ ಹಾಕುತ್ತದೆ. ಇಷ್ಟು ಸೊಗಸಾಗಿ ಹಾರುವ ಹಕ್ಕಿಗೆ ನೆಲದಿಂದ ಮೇಲೇಳುವುದೇ ಕಷ್ಟ. ಎರಡು ಮೀಟರ್‌ಗೂ ಮೀರಿದ ರೆಕ್ಕೆಯ ಹರವನ್ನು ಹೊತ್ತು ಅದು ಬಂಡೆಗಳ ನಡುವೆ ಎಡವುತ್ತ ಪುಂತಾ ಸುವಾರೆಸ್‌ನ ಕಡಿದಾದ ಅಂಚಿನವರೆಗೆ ನಡೆದು ಬಂದು, ಅಲ್ಲಿಂದ ಗಾಳಿಗೆ ಮೈಯೊಡ್ಡಿ ಬೀಳುತ್ತದೆ. ಆಗ್ನೇಯದ ಗಾಳಿ ಅದಕ್ಕೆ ಅಷ್ಟು ಅಗತ್ಯ; ಗಾಳಿ ಇಳಿಯುವ ತಿಂಗಳುಗಳಲ್ಲಿ ಅದು ಇಲ್ಲಿ ಇರದಿರುವುದು ಆಶ್ಚರ್ಯವಲ್ಲ.

ತಂಪು ಕಾಲದ ಇನ್ನೊಂದು ದೊಡ್ಡ ಆಕರ್ಷಣೆ ತಿಮಿಂಗಿಲ ಶಾರ್ಕ್. ಉತ್ತರದ ತುದಿಯ ಡಾರ್ವಿನ್ ಮತ್ತು ವುಲ್ಫ್ ದ್ವೀಪಗಳ ಬಳಿ ಜೂನ್‌ನಿಂದ ನವೆಂಬರ್‌ವರೆಗೆ ಇವು ಹಾದುಹೋಗುತ್ತವೆ, ಅವುಗಳಲ್ಲಿ ಹೆಚ್ಚಿನವು ಬೆಳೆದ ಹೆಣ್ಣುಗಳು. ಅಲ್ಲಿಗೆ ತಲುಪುವುದು ಡೈವಿಂಗ್ ಮಾಡುವವರಿಗೆಂದೇ ಇರುವ, ರಾತ್ರಿ ವಾಸದ ಹಡಗುಗಳು ಮಾತ್ರ. ಅಲ್ಲಿನ ನೀರಿನ ಸೆಳೆತ ಅನುಭವವಿಲ್ಲದವರಿಗೆ ತಕ್ಕುದಲ್ಲ. ಕಡಲಸಿಂಹದ ಮರಿಗಳು ಆಗಸ್ಟ್‌ನಿಂದ ನವೆಂಬರ್‌ವರೆಗೆ ಹೆಚ್ಚು. ಪಶ್ಚಿಮದ ಪೆಂಗ್ವಿನ್‌ಗಳೂ ಹಾರಲಾರದ ನೀರುಕಾಗೆಗಳೂ ನೀರು ತಂಪಾಗಿ ಮೀನು ಹೇರಳವಾದಾಗ ಗೂಡಿಗೆ ಇಳಿಯುತ್ತವೆ. ಗಂಡು ಫ್ರಿಗೇಟ್ ಹಕ್ಕಿ ಕೊರಳಿನ ಕೆಂಪು ಚೀಲವನ್ನು ಉಬ್ಬಿಸುವುದನ್ನು ಹೆನೋವೇಸಾ ದ್ವೀಪದಲ್ಲಿ ಮಾರ್ಚ್ ಆಸುಪಾಸಿನಲ್ಲಿ ನೋಡಬಹುದು. ನೀಲಿಗಾಲಿನ ಬೂಬಿ ಎಂಬ ಕಡಲಹಕ್ಕಿಗೆ ಮಾತ್ರ ಇಂಥದೇ ತಿಂಗಳೆಂಬ ಹಂಗಿಲ್ಲ. ಮೀನು ಸಿಕ್ಕರೆ ಅದು ಯಾವಾಗ ಬೇಕಾದರೂ ಗೂಡು ಮಾಡೀತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಮೇಲಿನ ಪಂಚಾಂಗ ಸಾಮಾನ್ಯ ವರ್ಷಗಳದ್ದು. ಎಲ್ ನಿನೋ ಬಂದ ವರ್ಷ ವಾಣಿಜ್ಯ ಮಾರುತಗಳು ಸೋಲುತ್ತವೆ, ಪೆಸಿಫಿಕ್‌ನ ಬೆಚ್ಚನೆಯ ನೀರು ಪೂರ್ವಕ್ಕೆ ಹರಡುತ್ತದೆ, ಕ್ರಾಮ್‌ವೆಲ್ ಪ್ರವಾಹ ಬಡವಾಗುತ್ತದೆ. ಗಲಾಪಗೋಸ್‌ನ ಬೆಚ್ಚನೆಯ ಕಾಲ ಹಿಗ್ಗಿ ತಂಪು ಕಾಲವನ್ನೇ ನುಂಗಬಹುದು. 1982–83ರ ಪ್ರಬಲ ಎಲ್ ನಿನೋದಲ್ಲಿ ಪೆಂಗ್ವಿನ್‌ಗಳ ಸಂಖ್ಯೆ ಶೇಕಡಾ 77ರಷ್ಟು ಕುಸಿಯಿತು. ಕೆಲವು ದ್ವೀಪಗಳಲ್ಲಿ ಅರ್ಧಕ್ಕೂ ಹೆಚ್ಚು ಕಡಲ ಇಗ್ವಾನಾಗಳು ಹಸಿವಿನಿಂದ ಸತ್ತವು. ಅವು ತಿನ್ನುವ ಕೆಂಪು, ಹಸಿರು ಪಾಚಿಗಳು ಬೆಚ್ಚನೆಯ ನೀರಿನಲ್ಲಿ ಅಳಿದು, ಜೀರ್ಣವಾಗದ ಕಂದು ಪಾಚಿ ಹಬ್ಬಿದ್ದೇ ಕಾರಣ. ಇಂಥ ವರ್ಷಗಳಲ್ಲಿ ಬದುಕುಳಿದ ಇಗ್ವಾನಾಗಳ ದೇಹದ ಉದ್ದವೇ ಶೇಕಡಾ 20ರವರೆಗೆ ಕುಗ್ಗುತ್ತದೆ, ಆಹಾರ ಮರಳಿದ ಮೇಲೆ ಮತ್ತೆ ಬೆಳೆಯುತ್ತದೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮೂಳೆಯಿರುವ ಬೆಳೆದ ಪ್ರಾಣಿಯೊಂದು ಹೀಗೆ ಗಿಡ್ಡವಾಗುವುದು ಯಾರೂ ನಿರೀಕ್ಷಿಸಿರದ ಸಂಗತಿ. ಅದೇ ವರ್ಷಗಳಲ್ಲಿ ನೆಲ ಮಾತ್ರ ಹಿಂದೆಂದೂ ಕಾಣದ ಹಸಿರಿನಿಂದ ತುಂಬಿತ್ತು. 1997–98 ಮತ್ತು 2015–16ರಲ್ಲೂ ಪ್ರಬಲ ಎಲ್ ನಿನೋ ಬಂದಿತ್ತು. ಲಾ ನಿನಾ ವರ್ಷಗಳಲ್ಲಿ ಇದಕ್ಕೆ ವಿರುದ್ಧವಾಗಿ ನೀರು ಇನ್ನಷ್ಟು ತಂಪು, ಮಳೆ ಇನ್ನಷ್ಟು ವಿರಳ.

ಪ್ರವಾಸ ನಿಶ್ಚಯಿಸುವವರು ಆದ್ದರಿಂದ ಸಮುದ್ರದ ಉಷ್ಣಾಂಶದ ಮುನ್ಸೂಚನೆಯನ್ನು ನೋಡಬೇಕು. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾ ಪ್ರತಿ ತಿಂಗಳೂ ಇದನ್ನು ಪ್ರಕಟಿಸುತ್ತದೆ. ಸುದ್ದಿಯಲ್ಲಿ ಹೆಚ್ಚಾಗಿ ಬರುವುದು ಪೆಸಿಫಿಕ್‌ನ ನಡುಭಾಗದ ನಿನೋ 3.4 ಸೂಚ್ಯಂಕ. ಗಲಾಪಗೋಸ್‌ಗೆ ಹೋಗುವವರು ಅದರ ಜೊತೆಗೆ, ಈ ದ್ವೀಪಗಳ ಬಳಿಯಿಂದ ದಕ್ಷಿಣ ಅಮೆರಿಕದ ದಡದವರೆಗಿನ ನೀರನ್ನು ಅಳೆಯುವ ನಿನೋ 1+2 ಸೂಚ್ಯಂಕವನ್ನೂ ಗಮನಿಸಬೇಕು. ಎರಡೂ ಯಾವಾಗಲೂ ಒಂದೇ ಪ್ರಮಾಣದಲ್ಲಿ ಏರಿಳಿಯುವುದಿಲ್ಲ.

ತಿಂಗಳಿನಷ್ಟೇ ಮುಖ್ಯವಾದದ್ದು ಪ್ರವಾಸದ ಮಾರ್ಗ, ಬಹಳ ಜನ ಇದನ್ನು ಕಡೆಗಣಿಸುತ್ತಾರೆ. ಉದ್ಯಾನದ ನಿಯಮದಂತೆ ರಾತ್ರಿ ವಾಸದ ಹಡಗುಗಳು ಒಂದೇ ತಾಣಕ್ಕೆ ಎರಡು ವಾರದೊಳಗೆ ಎರಡನೇ ಬಾರಿ ಹೋಗುವಂತಿಲ್ಲ. ಹೀಗಾಗಿ ಒಂದೇ ಹಡಗು ಒಂದು ವಾರ ಪಶ್ಚಿಮಕ್ಕೆ, ಮುಂದಿನ ವಾರ ಎಸ್ಪನ್ಯೋಲಾ ಕಡೆಗೆ ಅಥವಾ ಹೆನೋವೇಸಾ ಕಡೆಗೆ ಹೋಗುತ್ತದೆ. ಆಲ್ಬಟ್ರಾಸ್‌ಗೆಂದು ಮೇ ತಿಂಗಳನ್ನು ಆರಿಸಿಕೊಂಡು, ಪಶ್ಚಿಮದ ಸುತ್ತಿಗೆ ಟಿಕೆಟ್ ಕೊಂಡರೆ ಶ್ರಮವೆಲ್ಲ ವ್ಯರ್ಥ. ಸಾಂತಾ ಕ್ರೂಸ್‌ನ ಪುವೆರ್ತೋ ಅಯೋರಾದಂಥ ಊರುಗಳಲ್ಲಿ ತಂಗಿ ದಿನದ ದೋಣಿಗಳಲ್ಲಿ ಓಡಾಡುವವರಿಗೆ ಖರ್ಚು ಕಡಿಮೆ, ಆದರೆ ಫರ್ನಾಂಡಿನಾ, ಹೆನೋವೇಸಾಗಳು ಅವರ ಕೈಗೆಟುಕುವುದಿಲ್ಲ. ಊರಿಂದೂರಿಗೆ ಹೋಗುವ ವೇಗದ ದೋಣಿಗಳಲ್ಲಿ ಸುಮಾರು ಎರಡು ಗಂಟೆ ತೆರೆದ ಸಮುದ್ರವನ್ನು ದಾಟಬೇಕು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಈ ಪ್ರಯಾಣ ವಾಂತಿ ತರಿಸುವಷ್ಟು ಒರಟಾಗಿರುತ್ತದೆ. ಸಮುದ್ರ ಪ್ರಯಾಣ ಒಗ್ಗದವರು, ವಯಸ್ಸಾದವರು ಈ ಮೂರು ತಿಂಗಳನ್ನು ಬಿಡುವುದೇ ಲೇಸು.

ಜನಸಂದಣಿ ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಮತ್ತು ಕ್ರಿಸ್‌ಮಸ್ ರಜೆಯಲ್ಲಿ ಹೆಚ್ಚು, ದರವೂ ಆಗಲೇ ಏರುತ್ತದೆ. ಉದ್ಯಾನದ ಪ್ರವೇಶ ಶುಲ್ಕಕ್ಕೆ ಕಾಲದ ಭೇದವಿಲ್ಲ: 2024ರ ಆಗಸ್ಟ್‌ನಿಂದ ಹೆಚ್ಚಿನ ವಿದೇಶಿ ವಯಸ್ಕರಿಗೆ ಅದು 100 ಡಾಲರ್‌ನಿಂದ 200 ಡಾಲರ್‌ಗೆ ಏರಿದೆ. ಸೆಪ್ಟೆಂಬರ್‌ನಲ್ಲಿ ಅನೇಕ ಹಡಗುಗಳು ದುರಸ್ತಿಗೆಂದು ನಿಲ್ಲುವುದರಿಂದ ಆಯ್ಕೆ ಕಡಿಮೆಯಾಗುತ್ತದೆ.

ಒಂದೇ ಬಾರಿ ಹೋಗಲು ಸಾಧ್ಯ, ಕಡಲೂ ಬೇಕು ನೆಲವೂ ಬೇಕು ಎನ್ನುವವರಿಗೆ ನಾನು ಹೇಳುವುದು ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗಿನ ಕಾಲ. ನೀರಿನ ಬಿಸುಪು ಪೂರ್ತಿ ಹೋಗಿರುವುದಿಲ್ಲ, ಮಳೆಯ ಹಸಿರು ಉಳಿದಿರುತ್ತದೆ, ಅಲೆಗಳು ಇನ್ನೂ ಎದ್ದಿರುವುದಿಲ್ಲ, ಆಲ್ಬಟ್ರಾಸ್‌ಗಳು ಬಂದು ಮೊಟ್ಟೆಗೆ ಕೂತಿರುತ್ತವೆ, ರಜೆಯ ಗುಂಪು ಬಂದಿರುವುದಿಲ್ಲ. ಬಿಸಿಲಿನ ಫೋಟೋಗಳ ಹಂಬಲ ಬಿಟ್ಟು, ಈ ಕಡಲಿನ ನಿಜವಾದ ಸಮೃದ್ಧಿಯನ್ನು ನೋಡಬೇಕೆನ್ನುವ ಗಟ್ಟಿ ಮೈಯವರಿಗೆ ಮಾತ್ರ ನನ್ನ ಸಲಹೆ ಬೇರೆ: ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಪಶ್ಚಿಮದ ಸುತ್ತನ್ನು ಹಿಡಿಯಿರಿ, ನೀರಿನಲ್ಲಿ ಮೈ ಬೆಚ್ಚಗಿಡುವ, 5 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ತೊಡಿರಿ. ಮೋಡವಿದೆಯೆಂದು ಬಿಸಿಲ ಲೇಪವನ್ನು ಮರೆಯಬೇಡಿ, ಭೂಮಧ್ಯರೇಖೆಯ ಸೂರ್ಯ ತೆಳು ಮೋಡದ ಮೂಲಕವೂ ಚರ್ಮ ಸುಡುತ್ತಾನೆ. ಯಾವ ಕಾಲವನ್ನೇ ಆರಿಸಿಕೊಂಡರೂ ಮುಂಗಡ ಕೊಡುವ ಮೊದಲು ಹಡಗಿನವರಿಂದ ದಿನಾಂಕವಾರು ಮಾರ್ಗಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ನೀವು ನೋಡಬೇಕೆಂದಿರುವ ದ್ವೀಪದ ಹೆಸರು ಅದರಲ್ಲಿ ಇಲ್ಲದಿದ್ದರೆ ಆ ವಾರವನ್ನು ಬಿಟ್ಟು ಅದೇ ಹಡಗಿನ ಮುಂದಿನ ವಾರವನ್ನು ಕೇಳಿ.